ಹಳೆ ಕಾಲದ ಕತೆಯ ಸಿನಿಮಾ ನೋಡುವಾಗ ನನಗೇಕೆ ಸಿಟ್ಟು ಬರುತ್ತದೆ?

"ಆ ಕಾಲದಲ್ಲಿ ಹೆಂಗಸರು ಅಡುಗೆಮನೆಯಲ್ಲೇ ಇದ್ದದ್ದಲ್ವಾ ಟೀಚರ್? ಇದ್ದದ್ದನ್ನು ಸಿನಿಮಾದವರು ತೋರಿಸಿದರೆ ನಿಮಗೇಕೆ ಸಿಟ್ಟು?"

ಈ ಪ್ರಶ್ನೆ ನನಗೆ ಶಾಲೆಯಲ್ಲಿ ಬರುತ್ತದೆ. ಮದುವೆ ಊಟದ ಹಂತಿಯಲ್ಲಿ ಬರುತ್ತದೆ. ಒಮ್ಮೆ ಕುಂಬಳೆ ಬಸ್ಸಿನಲ್ಲೂ ಬಂತು. ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತೇನೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಮಕ್ಕಳಿಗೆ ಸಿನಿಮಾ ತೋರಿಸಿ, ಆಮೇಲೆ ಎಲ್ಲರೂ ಕೂತು ಮಾತಾಡುತ್ತೇವೆ. ನೂರು ವರ್ಷ ಹಿಂದಿನ ಕತೆ ಇರುವ ಸಿನಿಮಾ ಆದರೆ ನನ್ನ ಮಾತು ಸ್ವಲ್ಪ ಜಾಸ್ತಿಯಾಗುತ್ತದೆ. ಅದಕ್ಕೇ ಈ ಪ್ರಶ್ನೆ.

ಹೌದು, ಇದ್ದರು. ಅಡುಗೆಮನೆ ತೋರಿಸಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಇನ್ನೂ ಸರಿಯಾಗಿ ತೋರಿಸಲಿ ಎಂಬುದು ನನ್ನ ಆಸೆ. ನಾನು ಕೇಳುವುದು ಇಷ್ಟೇ: ಕ್ಯಾಮೆರಾ ಎಲ್ಲಿ ನಿಂತಿದೆ? ಯಾರ ಕಣ್ಣಿನ ಎತ್ತರದಲ್ಲಿ ನಿಂತಿದೆ? ಯಾರು ಎದ್ದು ಹೋದಾಗ ಅದೂ ಅವರ ಹಿಂದೆ ಹೋಗುತ್ತದೆ?

ಇದು ನನಗೆ ಹೊಳೆದದ್ದು ನಮ್ಮ ದೊಡ್ಡಮ್ಮನ ಮನೆಯಲ್ಲಿ.

ಪೆರ್ಲದಿಂದ ಒಳಗೆ, ಗುಡ್ಡದ ಬುಡದಲ್ಲಿ, ಅಡಿಕೆ ತೋಟಕ್ಕೆ ತಾಗಿಕೊಂಡು ಆ ಮನೆ. ಹಂಚಿನ ಮಾಡು, ಕೆಂಪು ನೆಲದ ಜಗಲಿ, ನಡುಕೋಣೆ, ಅದರ ಹಿಂದೆ ಅಡುಗೆ ಕೋಣೆ. ಕೆಲವು ವರ್ಷಗಳ ಹಿಂದೆ ಸಿನಿಮಾದವರು ಬಂದು ನಾಲ್ಕು ದಿನಕ್ಕೆ ಮನೆ ಕೇಳಿದರು. ಸ್ವಾತಂತ್ರ್ಯಕ್ಕೆ ಮುಂಚಿನ ಕತೆಯಂತೆ. ದೊಡ್ಡಮ್ಮನಿಗೆ ಆಗಲೇ ಎಂಬತ್ತು ದಾಟಿತ್ತು. ತುಂಬ ಸಂತೋಷದಿಂದ ಒಪ್ಪಿದರು.

ಅಡುಗೆ ಕೋಣೆಗೆ ಉಜ್ಜಿದ ಹಿತ್ತಾಳೆ ಪಾತ್ರೆ, ಫಳಫಳ ಹೊಳೆಯುವ ತಾಮ್ರದ ಹಂಡೆ ಬಂದವು. ಬೆಳಕಿಂಡಿಯ ಹೊರಗೆ ದೊಡ್ಡ ಲೈಟು ನಿಲ್ಲಿಸಿದರು. ಒಳಗೆ ಹೊಗೆ ಬಿಡುವ ಮಿಷನ್ನು. ಹೊಗೆಯನ್ನು ಸೀಳಿಕೊಂಡು ಬೆಳಕಿನ ಕೋಲು ಒಲೆಯ ಮೇಲೆ ಬಿತ್ತು. ನಿಜಕ್ಕೂ ಚಂದ ಇತ್ತು. ಆ ಬೆಳಕಿನಲ್ಲಿ ಮಲ್ಲಿಗೆ ಮುಡಿದ ಹುಡುಗಿ ಕೂತು ಒಲೆ ಊದಿದಳು, ಹಣೆಯ ಮೇಲಿನ ಕೂದಲು ಸರಿಸಿದಳು, ಯಾರೋ ಬಂದ ಹಾಗೆ ತಲೆಯೆತ್ತಿ ನಕ್ಕಳು. ಬಳೆಗೆ ಒಂದು ಕ್ಲೋಸಪ್, ಬೆವರಿಗೆ ಒಂದು ಕ್ಲೋಸಪ್. ಕ್ಯಾಮೆರಾ ಬಾಗಿಲಲ್ಲಿತ್ತು. ದಾರಂದದಿಂದ ಹೊರಗೆ, ನಿಂತ ಗಂಡಸಿನ ಕಣ್ಣಿನ ಎತ್ತರಕ್ಕೆ.

ದೊಡ್ಡಮ್ಮ ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಮೆಲ್ಲಗೆ ಕೇಳಿದರು: "ಆ ಹೊಗೆಯಲ್ಲಿ ಕಣ್ಣು ಬಿಡ್ಲಿಕ್ಕೇ ಆಗುವುದಿಲ್ಲ ಮಗಾ. ಅವಳು ಹೇಗೆ ನಗುವುದು?"

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಲೆಯ ಎಡಗಡೆಯ ಗೋಡೆಯಲ್ಲಿ ಇದ್ದಿಲಿನಿಂದ ಎಳೆದ ಗೀಟುಗಳಿದ್ದವು. ಐದೈದರ ಕಟ್ಟು. ದನದ ಹಟ್ಟಿಗೆ ಎಷ್ಟು ಹೊರೆ ಸೊಪ್ಪು ಬಂತು, ಯಾರ ಮನೆಗೆ ಎಷ್ಟು ಕುಡ್ತೆ ಹಾಲು ಹೋಯಿತು, ಅಡಿಕೆ ಸುಲಿದವರಿಗೆ ಎಷ್ಟು ದಿನದ ಸಂಬಳ ಬಾಕಿ ಇದೆ, ಎಲ್ಲ ಅಲ್ಲಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸಿನ ಲೆಕ್ಕದ ಪುಸ್ತಕ ಅದು. ತೋಟದ ಲೆಕ್ಕದಲ್ಲಿ ತಕರಾರು ಬಂದರೆ ದೊಡ್ಡಪ್ಪನೇ ಎದ್ದು ಬಂದು ಆ ಗೋಡೆ ನೋಡುತ್ತಿದ್ದರು. ಶೂಟಿಂಗಿನ ಹಿಂದಿನ ದಿನ ಗೋಡೆ ಕೊಳಕಾಗಿ ಕಾಣುತ್ತದೆ ಅಂತ ಅದರ ಮೇಲೆ ಸುಣ್ಣ ಬಳಿದರು. ಅದೇನು ಅಂತ ಯಾರೂ ಕೇಳಲಿಲ್ಲ. ನಾವು ನೋಡುವಷ್ಟರಲ್ಲಿ ಮುಗಿದಿತ್ತು. ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವರೆಲ್ಲ ಹೋದ ರಾತ್ರಿ ದೊಡ್ಡಮ್ಮ ತಮ್ಮ ಮಣೆಯ ಮೇಲೆ ನನ್ನನ್ನು ಕೂರಿಸಿದರು. "ಇಲ್ಲಿಂದ ನೋಡು. ಜಗಲಿಗೆ ಬಂದವರ ಕಾಲು ಕಾಣ್ತದೆ. ಕಾಲು ನೋಡಿಯೇ ಯಾರು ಅಂತ ಹೇಳ್ತಿದ್ದೆ. ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು ಅಂತ ಯಾರೂ ಬಂದು ಹೇಳಬೇಕಾಗಿರಲಿಲ್ಲ."

ನಿಜ. ಮಣೆಯ ಮೇಲೆ ಕೂತರೆ ಮೂರು ಬಾಗಿಲು ಒಂದೇ ಗೆರೆಯಲ್ಲಿ ಬರುತ್ತವೆ. ಕೊನೆಗೆ ಜಗಲಿಯ ಮೆಟ್ಟಿಲು. ಬಲಗಡೆ ಬೆಳಕಿಂಡಿಯಿಂದ ಹಟ್ಟಿ ಮತ್ತು ತೋಟದ ದಾರಿ. ಮನೆಗೆ ಬರುವ ಎರಡು ದಾರಿಯೂ ಆ ಒಂದು ಜಾಗದಿಂದ ಕಾಣುತ್ತವೆ. ಮನೆಯ ಯಾವ ಗಂಡಸಿಗೂ ತಾನು ಕೂತಲ್ಲಿಂದ ಅಷ್ಟು ಕಾಣುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಒಂದು ಸಲವೂ ಕ್ಯಾಮೆರಾ ಆ ಮಣೆಯ ಹತ್ತಿರ ಬರಲಿಲ್ಲ.

ನನ್ನ ಸಿಟ್ಟಿನ ಮೂಲ ಇದು. ಇಂಥ ಸಿನಿಮಾದಲ್ಲಿ ನಾವು ಅವಳನ್ನು ನೋಡುತ್ತಲೇ ಇರುತ್ತೇವೆ. ಅವಳಿಗೆ ಏನು ಕಾಣುತ್ತದೆ ಎಂಬುದು ಮಾತ್ರ ನಮಗೆ ಕಾಣುವುದಿಲ್ಲ.

ಲಾರಾ ಮಲ್ವಿ ಎಂಬ ಬ್ರಿಟಿಷ್ ಲೇಖಕಿ 1975ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಸಿನಿಮಾದಲ್ಲಿ ಮೂರು ನೋಟ ಇರುತ್ತವೆ: ಕ್ಯಾಮೆರಾದ್ದು, ನೋಡುವ ಜನರದ್ದು, ಕತೆಯೊಳಗಿನ ಪಾತ್ರಗಳದ್ದು. ಹಾಲಿವುಡ್ ಚಿತ್ರಗಳಲ್ಲಿ ಈ ಮೂರೂ ಸೇರಿ ಗಂಡಿನ ನೋಟವೇ ಆಗಿಬಿಡುತ್ತದೆ ಅಂತ ಅವರು ಹೇಳಿದ್ದು. ಅವರ ಕಣ್ಣ ಮುಂದಿದ್ದದ್ದು ಬೇರೆ ಚಿತ್ರಗಳು. ಆದರೂ ದೊಡ್ಡಮ್ಮನ ಬಾಗಿಲಲ್ಲಿ ನಿಂತ ಕ್ಯಾಮೆರಾ ನನಗೆ ಆ ಪ್ರಬಂಧವನ್ನು ಅರ್ಥ ಮಾಡಿಸಿತು.

ಒಮ್ಮೆ ಗಮನಿಸಲು ಶುರು ಮಾಡಿದರೆ ಇದು ಎಲ್ಲ ಕಡೆ ಸಿಗುತ್ತದೆ. ಗಂಡ ಊಟಕ್ಕೆ ಕೂತಿದ್ದಾನೆ. ಫೋಕಸ್ ಅವನ ಮುಖದ ಮೇಲೆ. ಹಿಂದೆ ಬಡಿಸುವವಳು ಮಸುಕು. ಬಡಿಸುವ ಕೈ ಮಾತ್ರ ಸ್ಪಷ್ಟ. ಅವನು ಎದ್ದು ಅಂಗಳಕ್ಕೆ ನಡೆದರೆ ಟ್ರಾಲಿ ಅವನ ಜೊತೆ ಹೊರಡುತ್ತದೆ. ಅವಳು ನಡೆದರೆ ಕ್ಯಾಮೆರಾ ನಿಂತಲ್ಲೇ ಕತ್ತು ತಿರುಗಿಸುತ್ತದೆ, ಬಾಗಿಲು ದಾಟಿದ ಕೂಡಲೇ ಬಿಟ್ಟುಬಿಡುತ್ತದೆ. ಅವನು ಚಳವಳಿಗೆ ಹೋಗುವಾಗ ಅವಳು ಬಾಗಿಲ ಚೌಕಟ್ಟಿನಲ್ಲಿ ಫೋಟೋ ಹಾಗೆ ನಿಂತಿರುತ್ತಾಳೆ. ಆಮೇಲೆ ಅವನು ಜೈಲಿನಿಂದ ಬಂದಾಗ ಅದೇ ಚೌಕಟ್ಟು, ಅದೇ ದೀಪ. ನಡುವಿನ ಎರಡು ವರ್ಷ ಆ ಮನೆಗೆ ಅಕ್ಕಿ ಎಲ್ಲಿಂದ ಬಂತು? ಸಾಲದವರ ಜೊತೆ ಯಾರು ಮಾತಾಡಿದರು? ಕ್ಯಾಮೆರಾ ಅವನ ಜೊತೆ ಹೋಗಿತ್ತಲ್ಲ, ಅದಕ್ಕೆ ಗೊತ್ತಿಲ್ಲ.

ಮೇಲಿಂದ ಬಣ್ಣ. ಹಳೆ ಕಾಲ ಅಂದರೆ ಜೇನಿನ ಬಣ್ಣದ ಬೆಳಕು ಅಂತ ಒಂದು ರೂಢಿಯಾಗಿದೆ. ಆ ಬಣ್ಣ ದುಡಿತವನ್ನು ಹಬ್ಬದ ಹಾಗೆ ಮಾಡಿಬಿಡುತ್ತದೆ. ಒನಕೆಯ ಭಾರ ಹೋಗಿ ಒನಕೆಯ ಚಂದ ಉಳಿಯುತ್ತದೆ.

ಸಿನಿಮಾ ತಾನೇ, ಬಿಡಿ ಅನ್ನುತ್ತಾರೆ. ಬಿಡಲು ನನ್ನಿಂದ ಆಗುವುದಿಲ್ಲ. ಒಂದು ಸಲ ಎಂಟನೇ ಕ್ಲಾಸಿನ ಮಕ್ಕಳಿಗೆ "ನಿಮ್ಮ ಅಜ್ಜಿಯ ಅಮ್ಮ ಏನು ಮಾಡುತ್ತಿದ್ದರು, ಚಿತ್ರ ಬಿಡಿಸಿ" ಅಂದೆ. ಹೆಚ್ಚಿನ ಹಾಳೆಗಳಲ್ಲಿ ಒಲೆ, ರಂಗೋಲಿ, ತುಳಸಿಕಟ್ಟೆ. ಆ ಮಕ್ಕಳಲ್ಲಿ ಎಷ್ಟೋ ಜನರ ಮುತ್ತಜ್ಜಿಯರು ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟವರು. ಅಜ್ಜಿಯರು ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟಿ, ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದವರು. ಮನೆಯಲ್ಲಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಮಕ್ಕಳು ಮನೆಯಲ್ಲಿ ಕೇಳಲಿಲ್ಲ, ತೆರೆಯ ಮೇಲೆ ನೋಡಿದ್ದನ್ನು ಬಿಡಿಸಿದರು.

ಇನ್ನು "ಆ ಕಾಲ" ಎಂಬ ಮಾತು. ಯಾವ ಕಾಲ? ಯಾವ ಊರು?

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, ಮದ್ರಾಸಿನ ಆಡಳಿತದಲ್ಲಿ. ಇಲ್ಲಿ ಎಷ್ಟೋ ಕುಟುಂಬಗಳಲ್ಲಿ ಅಳಿಯಸಂತಾನದ ಕಟ್ಟು ಇತ್ತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಮನೆಯ ಆಡಳಿತ ಹೆಂಗಸಿನ ಕೈಗೆ ಬಂದರೆ ಅವಳನ್ನು ಯಜಮಾಂತಿ ಅನ್ನುತ್ತಿದ್ದರು. ಅಲ್ಲಿ ಎಲ್ಲ ಹೆಣ್ಣುಮಕ್ಕಳೂ ಸುಖವಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನ ಕಡೆ ಕಾರುಬಾರು ಸೋದರಮಾವನ ಕೈಯಲ್ಲೇ ಇತ್ತು. ಆದರೆ ಆ ಮನೆಯ ಹೆಂಗಸು ಬರೀ ಗಂಡನ ಮನೆಯ ಬಾಗಿಲಲ್ಲಿ ದೀಪ ಹಿಡಿದು ಕಾಯುವ ಹೆಂಗಸಲ್ಲ. ಅವಳು ತನ್ನ ತಾಯಿಯ ಮನೆಯಲ್ಲಿ ಹಕ್ಕು ಇದ್ದವಳು. ಅವಳನ್ನು ತೋರಿಸುವ ಕ್ಯಾಮೆರಾ ಎಲ್ಲಿದೆ? ಇದೇ ನೆಲದ ಹೆಂಗಸರು ಗದ್ದೆಯಲ್ಲಿ ಸಿರಿಯ ಪಾಡ್ದನ (ತುಳುವಿನ ಕತೆಹಾಡು) ಹಾಡುತ್ತಿದ್ದರು. ಮೋಸ ಮಾಡಿದ ಗಂಡನನ್ನು ಬಿಟ್ಟು ಹೊರಟು, ಇನ್ನೊಂದು ಮದುವೆಯಾದವಳು ಸಿರಿ.

ಇದೇ ಜಿಲ್ಲೆಯ ಮಂಗಳೂರಿನಲ್ಲಿ 1903ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು. 1926ರಲ್ಲಿ, ಇಪ್ಪತ್ತಮೂರನೇ ವಯಸ್ಸಿಗೆ, ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. ಸ್ವಲ್ಪದರಲ್ಲೇ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು ಜೈಲಿಗೆ ಹೋದರು. ಮೂಕಿಚಿತ್ರದಲ್ಲಿ ನಟಿಸಿದರು ಕೂಡ. "ಆ ಕಾಲದಲ್ಲಿ ಹಾಗೇ ಇತ್ತು" ಅಂತ ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ಇವರು.

ನಮ್ಮ ಶಾಲೆಯ ಗೆಳತಿಯೊಬ್ಬರು ಹೇಳುವುದುಂಟು: "ಚಂದ ತೋರಿಸಿದರೆ ತಪ್ಪೇನು? ಎಲ್ಲವನ್ನೂ ಕಪ್ಪಾಗಿ, ಕಷ್ಟವಾಗಿ ತೋರಿಸಬೇಕಾ?" ಬೇಡ. ಚಂದದ ಮೇಲೆ ನನಗೆ ದ್ವೇಷವಿಲ್ಲ. ಅದಕ್ಕೇ ನಾನು ಸತ್ಯಜಿತ್ ರಾಯ್ ಅವರ 1964ರ 'ಚಾರುಲತಾ' ತೋರಿಸುವುದು. 1870ರ ದಶಕದ ಕೊನೆಯ ಕಲ್ಕತ್ತ. ದೊಡ್ಡ ಮನೆ, ಒಂಟಿ ಹೆಂಡತಿ. ಕಸೂತಿ ಹಾಕುತ್ತಾಳೆ, ಪುಸ್ತಕ ಹುಡುಕುತ್ತಾಳೆ, ಬೇಸರ. ಆಮೇಲೆ ನಾಟಕ ನೋಡುವ ಪುಟ್ಟ ದುರ್ಬೀನು ತೆಗೆದುಕೊಂಡು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಬೀದಿಯಲ್ಲಿ ಹೋಗುವವರನ್ನು ಕಿಟಕಿಯ ಸಂದಿನಿಂದ ನೋಡುತ್ತಾಳೆ. ನಾವೂ ಅವಳ ಜೊತೆ ನೋಡುತ್ತೇವೆ. ಗಂಡ ಪುಸ್ತಕದಲ್ಲಿ ಮುಳುಗಿ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದೇ ಇಲ್ಲ. ಆಗ ಅವಳು ಅದೇ ದುರ್ಬೀನು ಎತ್ತಿ ಗಂಡನನ್ನು ನೋಡುತ್ತಾಳೆ, ದೂರದ ಊರಿನವನನ್ನು ನೋಡಿದ ಹಾಗೆ. ಆ ದೃಶ್ಯದಲ್ಲಿ ಅವಳು ಮನೆಯಿಂದ ಒಂದು ಹೆಜ್ಜೆಯೂ ಹೊರಗಿಡುವುದಿಲ್ಲ. ಆದರೂ ನೋಡುವವಳು ಅವಳು.

ಅದರ ಛಾಯಾಗ್ರಾಹಕ ಸುಬ್ರತ ಮಿತ್ರ. ಇವರು 1956ರ 'ಅಪರಾಜಿತೋ' ಚಿತ್ರಕ್ಕೆ ಕಾಶಿಯ ಮನೆಯ ಒಳಅಂಗಳದ ಸೆಟ್ ಹಾಕಿದಾಗ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಲೈಟನ್ನು ಕೆಳಗಿಂದ ಅದಕ್ಕೆ ಬಡಿಸಿದರು. ನೆರಳು ಬೀಳದ, ಆಕಾಶದಿಂದ ಇಳಿದ ಹಾಗಿನ ಮೆತ್ತನೆ ಬೆಳಕು ಬಂತು. ಅಂಗಳ ಇರುವ ಮನೆಯಲ್ಲಿ ಬೆಳೆದವರಿಗೆ ಆ ಬೆಳಕು ಗೊತ್ತು. ಆ ಮನೆಯಲ್ಲಿ ಬದುಕುವವರ ಮೇಲೆ ಬೆಳಕು ಹೇಗೆ ಬೀಳುತ್ತದೆ ಅಂತ ಅವರು ಯೋಚಿಸಿದ್ದರು. ಹೊಗೆ ಮಿಷನ್ನು ತಂದವರಲ್ಲಿ ನನಗೆ ಕಾಣದೆ ಹೋದದ್ದು ಆ ಯೋಚನೆ.

ನಮ್ಮ ಪಕ್ಕದ ಮಲಯಾಳದಲ್ಲೇ ಇನ್ನೊಂದಿದೆ. ಅಡೂರ್ ಗೋಪಾಲಕೃಷ್ಣನ್ ಅವರ 1981ರ 'ಎಲಿಪ್ಪತ್ತಾಯಂ', ಕ್ಯಾಮೆರಾ ಮಂಕಡ ರವಿವರ್ಮ. ಹಳೆಯ ತರವಾಡು (ಕೂಡುಕುಟುಂಬದ) ಮನೆ. ಹಿತ್ತಲಿಗೆ ನುಗ್ಗಿದ ದನ ಓಡಿಸಲೂ ಮನೆಯ ಯಜಮಾನ ಉಣ್ಣಿ ಕೂತಲ್ಲಿಂದ ಸೋದರಿ ರಾಜಮ್ಮನನ್ನು ಕರೆಯುತ್ತಾನೆ. ರಾಜಮ್ಮ ಮನೆಕೆಲಸ ಬಿಟ್ಟು ಬೇರೇನೂ ಮಾಡುವುದಿಲ್ಲ. ಆದರೆ ಆ ಕೆಲಸ ಅವಳನ್ನು ದಿನದಿನ ತಿನ್ನುವುದು ನಮಗೆ ಕಾಣುತ್ತದೆ. ನಮ್ಮ ಕನ್ನಡದ 'ಘಟಶ್ರಾದ್ಧ' 1977ರಲ್ಲೇ ಅಗ್ರಹಾರವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸಿತು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ, ಬಹಿಷ್ಕಾರಕ್ಕೆ ಒಳಗಾದ ವಿಧವೆ ಯಮುನಕ್ಕನನ್ನು ನೋಡಿ ನಮ್ಮ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ.

ಕ್ಯಾಮೆರಾ ಹಿಡಿಯುವವರಲ್ಲಿ ಹೆಂಗಸರು ಕಡಿಮೆ ಇರುವುದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. 'ಕಿತ್ತೂರು ಚೆನ್ನಮ್ಮ' ಮಾಡಿದ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ 1980ರ ದಶಕದಲ್ಲೇ ತಮಿಳಿನಲ್ಲಿ ಛಾಯಾಗ್ರಾಹಕಿಯಾದರು. ಅದು ಮಕ್ಕಳಿಗೆ ಗೊತ್ತಿರಲಿ ಅಂತ ಪ್ರತಿ ವರ್ಷ ಹೇಳುತ್ತೇನೆ. ಹೆಂಗಸರೇ ತೆಗೆದರೆ ತಾನಾಗಿ ಸರಿಯಾಗುತ್ತದೆ ಎಂದೇನಿಲ್ಲ. ಮೇಲೆ ಹೇಳಿದ ಚಿತ್ರಗಳ ಕ್ಯಾಮೆರಾ ಗಂಡಸರದೇ. ಅವರು ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತರು.

ಈಗ ಚಿತ್ರ ಬಿಡಿಸುವ ಬದಲು ಮಕ್ಕಳಿಗೆ ಇನ್ನೊಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ದಿನಾ ಕೂರುವ ಜಾಗದಲ್ಲಿ, ಅವರ ಕಣ್ಣಿನ ಎತ್ತರಕ್ಕೆ ಫೋನ್ ಇಟ್ಟು ಎರಡು ನಿಮಿಷ ವಿಡಿಯೋ ಮಾಡಬೇಕು. ಅವರ ಮುಖ ಬರಬಾರದು.

ಕಳೆದ ವರ್ಷ ಒಬ್ಬ ಹುಡುಗ ತಂದ ವಿಡಿಯೋ ನನಗೆ ಮರೆಯುವುದಿಲ್ಲ. ಅವನ ಅಜ್ಜಿ ಇನ್ನೂ ಬೀಡಿ ಕಟ್ಟುತ್ತಾರೆ. ಕೆಳಗೆ ತಡ್ಪೆಯ ಅಂಚು, ಎದುರಿಗೆ ತೆರೆದ ಬಾಗಿಲು, ಅಂಗಳ, ರಸ್ತೆಯ ಒಂದು ತುಂಡು. ಬೀಡಿ ಎಲೆ ಕತ್ತರಿಸುವ ಸದ್ದು ನಿಲ್ಲುವುದೇ ಇಲ್ಲ. ರಸ್ತೆಯಲ್ಲಿ ಕಾಲುಗಳು ಹಾದುಹೋಗುತ್ತವೆ. ಚಿತ್ರದ ಹೊರಗಿನಿಂದ ಅಜ್ಜಿಯ ದನಿ ಕೇಳುತ್ತದೆ: "ಇದು ಅಂಚೆಯವ... ಇದು ಮೇಲಿನ ಮನೆ ಹುಡುಗಿ, ಇವತ್ತು ತಡ ಆಯ್ತು ಅವಳಿಗೆ..." ಒಂದು ಜೊತೆ ಕಾಲು ಅಂಗಳಕ್ಕೆ ತಿರುಗಿ, ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ.

"ಚಾ ಉಂಟಾ?" ಅಂತ ಮೇಲಿಂದ ಒಂದು ಗಂಡು ದನಿ.

ಕತ್ತರಿ ನಿಲ್ಲಲಿಲ್ಲ. "ಒಲೆಯ ಮೇಲೆ ಉಂಟು, ಹಾಕ್ಕೋ" ಅಂದರು ಅಜ್ಜಿ.