ಮಗಳ ಬುಧವಾರ ಯಾರ ಪಾಲಿಗೆ?

ಕೋರ್ಟಿನ ಮೀಡಿಯೇಷನ್ (ರಾಜಿ ಮಾತುಕತೆಯ) ಕೋಣೆಯ ಮೇಜಿನ ಮೇಲೆ ಮಗಳ ಸ್ಕೂಲಿನ ಕ್ಯಾಲೆಂಡರ್ ಹರಡಿಕೊಂಡು ಕೂತಿದ್ದೆವು. ಆಚೆ ನನ್ನಿಂದ ಬೇರೆಯಾದ ಗಂಡ, ಈಚೆ ನಾನು. ಅದುವರೆಗೆ ಅಪ್ಪ ಮಗಳು ಸೇರುತ್ತಿದ್ದದ್ದು ಶನಿವಾರ 2 ಗಂಟೆ ಹೊತ್ತು, ಕೋರ್ಟಿನ ಮಕ್ಕಳ ಕೋಣೆಯಲ್ಲಿ. ಅವರು ಗೊಂಬೆ, ಚಾಕೊಲೇಟ್ ತರುತ್ತಿದ್ದರು. ಹೋಂವರ್ಕ್, ರಾತ್ರಿಯ ಜ್ವರ, ಬೈಗುಳ ಎಲ್ಲ ನನ್ನ ತಲೆಗೆ. ಹೆತ್ತಪ್ಪ ನೆಂಟರ ಹಾಗಾಗಿಬಿಟ್ಟಿದ್ದರು.

"ಮಗು ಅಂದ್ರೆ ತಾಯಿಗೇ, ಸುಮ್ನೆ ಯಾಕೆ ಬಿಟ್ಟುಕೊಡ್ತೀಯ?" ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. 1956ರ ಹಿಂದೂ ಅಪ್ರಾಪ್ತರ ಕಾಯ್ದೆಯ ಪ್ರಕಾರ 5 ವರ್ಷ ತುಂಬುವವರೆಗೆ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು, ನಿಜ. ನನ್ನ ಮಗಳಿಗೆ ಆಗಲೇ 7 ವರ್ಷ. ಅದಕ್ಕಿಂತ ಹೆಚ್ಚಾಗಿ, ಮಗುವಿನ ಒಳಿತೇ ಎಲ್ಲಕ್ಕಿಂತ ಮುಖ್ಯ ಎಂದು ಹೇಳುವುದೂ ಅದೇ ಕಾಯ್ದೆ. ಇಬ್ಬರಿಗೂ ಜಂಟಿಯಾಗಿ ಮಗುವನ್ನು ವಹಿಸಲು ಅವಕಾಶ ಇರಲಿ ಎಂದು ಕಾನೂನು ಆಯೋಗ 2015ರಲ್ಲೇ ಶಿಫಾರಸು ಮಾಡಿತ್ತು. ಕಾಯ್ದೆಗೆ ಅದು ಇನ್ನೂ ಬಂದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಎಷ್ಟು ಮಕ್ಕಳು ಈ ನಡುವೆ ದೊಡ್ಡವರಾಗಿಬಿಟ್ಟರು!

ನಮ್ಮ ಹೈಕೋರ್ಟು 2013ರಲ್ಲಿ ಒಂದು ಪ್ರಕರಣದಲ್ಲಿ ಹುಡುಗನನ್ನು ವರ್ಷದಲ್ಲಿ ಆರು ತಿಂಗಳು ಅಪ್ಪನ ಬಳಿ, ಆರು ತಿಂಗಳು ಅಮ್ಮನ ಬಳಿ ಇರಿಸಿತ್ತು ಎಂದು ನನ್ನ ವಕೀಲರು ಹೇಳಿದರು. ಆರು ತಿಂಗಳು ನಮಗೆ ಜಾಸ್ತಿ ಆಯಿತು. ಇಬ್ಬರೂ ಬೆಂಗಳೂರಲ್ಲೇ ಇದ್ದೇವೆ, ವಾರಕ್ಕೇ ಹಂಚಿಕೊಳ್ಳಬಹುದಲ್ವಾ?

ದಸರಾ ರಜೆ, ಬೇಸಿಗೆ ರಜೆ ಅರ್ಧರ್ಧ ಎಂದು ಬೇಗ ಒಪ್ಪಿಗೆಯಾಯಿತು. ಜಗ್ಗಾಟ ನಡೆದದ್ದು ಬುಧವಾರಕ್ಕೆ.

"ವೀಕೆಂಡ್ ಸಾಕು. ಬುಧವಾರ ಮೀಟಿಂಗ್ ಇರುತ್ತೆ," ಎಂದರು ಮಗಳ ಅಪ್ಪ.

"ನನಗೂ ಇರುತ್ತೆ. ಅವತ್ತು ಅವಳಿಗೆ ಗುರುವಾರದ ಗಣಿತದ ಟೆಸ್ಟಿಗೆ ಓದಿಸಬೇಕು. ಅದನ್ನ ನೀವು ಮಾಡಿ."

ಮೀಡಿಯೇಟರ್ ಮೇಡಂ ಪೆನ್ನು ಕೆಳಗಿಟ್ಟು ಅವರನ್ನು ಕೇಳಿದರು: "ಮಗು ಯಾವ ಪಾಠದಲ್ಲಿ ಹಿಂದಿದ್ದಾಳೆ, ಗೊತ್ತಾ?"

ಅವರು ತಲೆ ತಗ್ಗಿಸಿದರು. ಆಮೇಲೆ, "ಬುಧವಾರ ನಾನೇ ಸ್ಕೂಲಿಂದ ಕರ್ಕೊಂಡು ಹೋಗ್ತೀನಿ," ಎಂದರು. ಗುರುವಾರ ಬೆಳಗ್ಗೆ ಡಬ್ಬಿ ಕಟ್ಟಿ ಸ್ಕೂಲಿಗೆ ಬಿಡುವುದೂ ಅವರದೇ ಎಂದು ಒಪ್ಪಂದದಲ್ಲಿ ಬರೆಸಿದೆ. ಜ್ವರ ಬಂದರೂ ಆ ದಿನ ಅವರದೇ ಎಂದೂ ಸೇರಿಸಿದೆವು. ಇಬ್ಬರೂ ಸಹಿ ಹಾಕಿದೆವು. ಕೋರ್ಟು ಅದೇ ಷರತ್ತುಗಳ ಮೇಲೆ ಆದೇಶ ಮಾಡಿತು.