ಚೀಟಿ ಮೇಲಿನ 4.20

ನಮ್ಮ ತಂಗಿಯ ಕೂಸಿಗೆ ಈಗ ಹನ್ನೊಂದು ತಿಂಗಳು. ಹುಟ್ಟಿದ್ದು 31 ವಾರಕ್ಕೆ, ತೂಕ 1,340 ಗ್ರಾಂ, ಹೆಚ್ಚುಕಮ್ಮಿ ಒಂದು ಮೊಗೆಕಾಯಿಯಷ್ಟು. ಈಗ ಕೂತ್ಕೊಂಡು ಅಕ್ಕಿ ಡಬ್ಬಿ ಬಡೀತಾ ಇರೋದನ್ನ ನೋಡಿದ್ರೆ ಆ ದಿನಗಳು ಯಾರಿಗೋ ಆಗಿದ್ದು ಅನ್ನಿಸ್ತದೆ, ಆದ್ರೆ ಮರೆಯೋಕೆ ಮುಂಚೆ ಬರೆದಿಡ್ಬೇಕು, ಯಾಕಂದ್ರೆ ನಮ್ಮ ಜಿಲ್ಲೆಯ ಬಸುರಿ ಇರೋ ಪ್ರತಿ ಮನೆಗೂ ಗೊತ್ತಿರ್ಬೇಕಾದ ಒಂದು ಮಾತು ಇದ್ರಲ್ಲಿದೆ.

ಹೋದ ಜುಲೈ, ಶಿರಸಿಯಲ್ಲಿ ಬಿಡದ ಮಳೆ. ಮಧ್ಯಾಹ್ನ ಊಟ ಆದ್ಮೇಲೆ ತಂಗಿ ಸೊಂಟ ಹಿಡ್ಕೊಂಡಂಗೆ ಆಗ್ತದೆ, ಹೊಟ್ಟೆ ಆಗಾಗ ಗಟ್ಟಿ ಆಗ್ತದೆ ಅಂದ್ಲು. ವಾಯು ಇರ್ಬೇಕು ಅಂತ ಆಯಿ ಜೀರಿಗೆ ಕಷಾಯ ಮಾಡಿಕೊಟ್ಳು. ಕಷಾಯ ಕುಡಿದು ಒಂದು ಗಂಟೆ ಆದ್ರೂ ನೋವು ಲೆಕ್ಕ ಇಟ್ಟಂಗೆ ಬಂದು ಬಂದು ಹೋಗ್ತಾನೇ ಇತ್ತು. ಭಾವ ಕಾರು ತೆಗೆದ್ರು. ಆಸ್ಪತ್ರೇಲಿ ಡಾಕ್ಟರಮ್ಮ ನೋಡಿದವ್ರೇ ಗರ್ಭಕೋಶದ ಬಾಯಿ ತೆರೀತಾ ಇದೆ, ಇಲ್ಲಿ ಇಷ್ಟು ಚಿಕ್ಕ ಮಗೂನ ಇಟ್ಕೊಳ್ಳೋ ವ್ಯವಸ್ಥೆ ಇಲ್ಲ, ಹುಬ್ಬಳ್ಳಿಗೆ ಹೊರಡಿ ಅಂದ್ರು. ನಾವು ಆಗ್ಲೇ ಆಂಬುಲೆನ್ಸ್ ಕಡೆ ಓಡೋಕೆ ತಯಾರು. ಅವರು ಮಾತ್ರ ‘ಎರಡು ನಿಮಿಷ ನಿಲ್ಲಿ’ ಅಂತ ಹೆರಿಗೆ ನೋವು ತಡೆಯೋ ಮಾತ್ರೆ ಕೊಟ್ಟು, ತೊಡೆಗೆ ಒಂದು ಇಂಜೆಕ್ಷನ್ ಹಾಕಿ, ಒಂದು ಚೀಟಿ ಮೇಲೆ ‘ಡೆಕ್ಸಾ 6 ಮಿ.ಗ್ರಾಂ, 4.20’ ಅಂತ ಬರೆದು ನನ್ನ ಕೈಗಿಟ್ಟು, ‘ಇದನ್ನ ಕಳೀಬೇಡಿ, ಅಲ್ಲಿ ಮೊದಲು ಇದನ್ನೇ ತೋರಿಸಿ’ ಅಂದ್ರು.

ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿ ಮುಟ್ಟೋದ್ರೊಳಗೆ ಕತ್ತಲಾಗಿತ್ತು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಹೆಸರಲ್ಲ, ಊರಲ್ಲ: ‘ಸ್ಟೀರಾಯ್ಡ್ ಆಗಿದ್ಯಾ? ಎಷ್ಟು ಹೊತ್ತಿಗೆ?’ ಚೀಟಿ ಕೊಟ್ಟೆ, ಡೆಕ್ಸಾ ಅಂದ್ರೆ ಅದೇ ಸ್ಟೀರಾಯ್ಡ್. ಅಲ್ಲಿಂದ ಹನ್ನೆರಡು ಹನ್ನೆರಡು ತಾಸಿಗೆ ಒಂದರಂತೆ ಇನ್ನೂ ಮೂರು ಡೋಸ್. ನಾಲ್ಕನೇದು ಮೂರನೇ ದಿನ ಬೆಳಗಿನ ಜಾವ ಆಯ್ತು, ಹತ್ತು ಗಂಟೆಗೆ ಕೂಸು ಹುಟ್ಟಿತು. ಅತ್ತಿತು ಕೂಡ, ಬೆಕ್ಕಿನ ಮರಿ ಥರ.

ಆ ಇಂಜೆಕ್ಷನ್ ತಾಯಿಗೆ ಹಾಕಿದ್ರೂ ಅದು ಮಗುವಿನ ಶ್ವಾಸಕೋಶಕ್ಕೆ ಅಂತ ಆಮೇಲೆ ಗೊತ್ತಾಯ್ತು. ನಮ್ಮ ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಗಾಳಿಚೀಲಗಳಿಗೆ ಒಳಗಡೆ ಸರ್ಫ್ಯಾಕ್ಟಂಟ್ ಅನ್ನೋ ಒಂದು ಜಾರು ಪದರ ಇರ್ತದೆ. ತೊಳೆದ ಬಾಳೆಲೆ ಒಂದರ ಮೇಲೊಂದು ಅಂಟಿದ್ರೆ ಬಿಡಿಸೋಕೆ ಎಷ್ಟು ಕಷ್ಟ ನೋಡಿ, ಆ ಪದರ ಇಲ್ದಿದ್ರೆ ಗಾಳಿಚೀಲಗಳೂ ಉಸಿರು ಬಿಟ್ಟ ಕೂಡ್ಲೇ ಹಂಗೇ ಮುಚ್ಕೊಂಡುಬಿಡ್ತವೆ, ಮಗು ಪ್ರತಿ ಉಸಿರಿಗೂ ಅದನ್ನ ಮತ್ತೆ ಬಿಡಿಸ್ಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಅದು ಸಾಕಷ್ಟು ಆಗಿರೋದಿಲ್ಲ. ಇದನ್ನ ತೋರಿಸಿಕೊಟ್ಟಿದ್ದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತೆ ಜೆರೆ ಮೀಡ್ ಅನ್ನೋ ಸಂಶೋಧಕರು. ಅದಾಗಿ ನಾಲ್ಕು ವರ್ಷಕ್ಕೆ, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗ ಪ್ಯಾಟ್ರಿಕ್ ಇದೇ ಕಾಯಿಲೆಯಿಂದ 39 ತಾಸಿಗೆ ತೀರಿಹೋದ. ಅವನು 34 ವಾರದ ಮಗು, ಎರಡು ಕೇಜಿ ಮೇಲಿದ್ದ. ನಮ್ಮ ಕೂಸಿಗಿಂತ ಎಷ್ಟೋ ದೊಡ್ಡವನು. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಈ ಇಂಜೆಕ್ಷನ್ ದಾರಿ ಶುರುವಾಗಿದ್ದು ನ್ಯೂಜಿಲೆಂಡಿನಲ್ಲಿ, ಕುರಿಮರಿಯಿಂದ. ಲಿಗ್ಗಿನ್ಸ್ ಅನ್ನೋ ಡಾಕ್ಟರ್ ಹೆರಿಗೆ ಹೇಗೆ ಶುರುವಾಗ್ತದೆ ಅಂತ ಕುರಿಗಳಲ್ಲಿ ನೋಡ್ತಾ ಇದ್ದಾಗ, ಬದುಕೋದೇ ಇಲ್ಲ ಅನ್ನೋವಷ್ಟು ಮೊದಲು ಹುಟ್ಟಿದ ಮರಿಯ ಶ್ವಾಸಕೋಶದಲ್ಲಿ ಗಾಳಿ ತುಂಬಿತ್ತಂತೆ. ಆ ಮರಿಗೆ ಹುಟ್ಟೋ ಮೊದಲೇ ಸ್ಟೀರಾಯ್ಡ್ ಕೊಟ್ಟಿದ್ರು. ಆಮೇಲೆ ಮಕ್ಕಳ ಡಾಕ್ಟರ್ ಹೌಯಿ ಅವರ ಜೊತೆ ಸೇರಿ 282 ತಾಯಂದಿರ ಮೇಲೆ ಮಾಡಿದ ಅಧ್ಯಯನ 1972ರಲ್ಲಿ ಬಂತು.

ನಮ್ಮಂಥ ಕಡೆ ಇದು ನಡೀತದಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಿದ್ರಲ್ಲಿ ನಮ್ಮ ಪಕ್ಕದ ಬೆಳಗಾವಿಯೂ ಇದೆ. ಆರು ದೇಶಗಳ ಊರು-ಹಳ್ಳಿಗಳಲ್ಲಿ ಮಾಡಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಫಲಿತಾಂಶ ಚೆನ್ನಾಗಿ ಬರ್ಲಿಲ್ಲ, ಒಟ್ಟು ಲೆಕ್ಕದಲ್ಲಿ ಸಾವು ಸ್ವಲ್ಪ ಜಾಸ್ತಿನೇ ಆಗಿತ್ತು. ಅದನ್ನ ಮುಚ್ಚಿಡದೆ ಹಂಗೇ ಪ್ರಕಟಿಸಿದ್ರು, ಅದಕ್ಕೆ ನಂಗೆ ತುಂಬಾ ಗೌರವ. ಆಮೇಲೆ ಸ್ಕ್ಯಾನ್‌ನಲ್ಲಿ ವಾರ ಸರಿಯಾಗಿ ನೋಡಿ, 26ರಿಂದ 34 ವಾರದೊಳಗಿನವರಿಗೆ, ಮಗೂನ ನೋಡ್ಕೊಳ್ಳೋ ಅನುಕೂಲ ಇರೋ ಆಸ್ಪತ್ರೆಗಳಲ್ಲೇ ಮತ್ತೆ ಮಾಡಿದ್ರು. ಭಾರತ ಸೇರಿ ಐದು ದೇಶ, 2,852 ತಾಯಂದಿರು. 2020ರಲ್ಲಿ ಬಂದ ಲೆಕ್ಕ: ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 23.5 ಮಕ್ಕಳು ತೀರಿಹೋದ್ರೆ, ಇದ್ದ ಗುಂಪಿನಲ್ಲಿ 19.6. ಅಂದ್ರೆ ವಾರದ ಲೆಕ್ಕ ಸರಿ ಇರ್ಬೇಕು, ಮುಂದೆ ಹೋಗಿ ಸೇರೋ ಜಾಗವೂ ಸರಿ ಇರ್ಬೇಕು. ಮೊದಲ ಮೂರು ತಿಂಗಳ ಸ್ಕ್ಯಾನ್ ಎಂತಕ್ಕೆ ಅಂತ ಕೇಳೋರಿಗೆ ನಾನೀಗ ಇದನ್ನೇ ಹೇಳ್ತೇನೆ.

ಕೂಸು ಹುಟ್ಟಿ ಅರ್ಧ ಗಂಟೆಗೆ ನರಳೋಕೆ ಶುರು ಮಾಡ್ತು. ಪ್ರತಿ ಉಸಿರಿನ ಕೊನೇಲಿ ‘ಹ್ಮ್, ಹ್ಮ್’ ಅಂತ. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಹೋಗಿ ಗುಳಿ ಬೀಳ್ತಿತ್ತು. ಅದು ನೋವಿಗೆ ನರಳೋದಲ್ಲ, ಗಾಳಿ ಪೂರ್ತಿ ಹೊರಗೆ ಹೋಗದಂಗೆ ಮಗು ತಾನೇ ಗಂಟಲು ಬಿಗಿಹಿಡಿಯೋದು ಅಂತ ಡಾಕ್ಟರ್ ಹೇಳಿದ್ರು. ಆ ಬಿಗಿ ಮಾಡೋ ಕೆಲಸಾನೇ ಸಿಪ್ಯಾಪ್, ಅಂದ್ರೆ ಸದಾ ಒಂದೇ ಸಮ ಒತ್ತಡದಲ್ಲಿ ಗಾಳಿ ಕೊಡೋ ವ್ಯವಸ್ಥೆ, ಮಾಡ್ತದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಾಕ್ಟರ್ ಜಾರ್ಜ್ ಗ್ರೆಗರಿ ಮತ್ತೆ ಅವರ ಜೊತೆಯವರು ಇಪ್ಪತ್ತು ಮಕ್ಕಳಿಗೆ ಇದನ್ನ ಕೊಟ್ರು, ಹದಿನಾರು ಬದುಕಿದ್ವು.

ನಮ್ಮ ಕೂಸಿಗೆ ಹಾಕಿದ್ದು ಬಬಲ್ ಸಿಪ್ಯಾಪ್. ಮೂಗಿಗೆ ಎರಡು ಪುಟ್ಟ ನಳಿಗೆ, ಅದನ್ನ ಹಿಡಿದಿಡೋಕೆ ತಲೆಗೊಂದು ಟೊಪ್ಪಿ, ಕೆನ್ನೆಗೆ ಪಟ್ಟಿ, ಮುಖ ಕಾಣೋದೇ ಇಲ್ಲ. ಆ ಕೊಳವೆಯ ಇನ್ನೊಂದು ತುದಿ ಒಂದು ನೀರಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಮುಳುಗಿರ್ತದೆ, ಅಷ್ಟೇ. ಎಷ್ಟು ಆಳ ಮುಳುಗಿದ್ಯೋ ಅಷ್ಟು ಒತ್ತಡ ಮಗುವಿನ ಶ್ವಾಸಕೋಶದಲ್ಲಿ ನಿಲ್ತದೆ, ಉಸಿರನ್ನ ಮಗುವೇ ಎಳೀಬೇಕು, ನೀರು ಗಾಳಿಚೀಲ ಮುಚ್ಚದಂಗೆ ಕಾಯ್ತದೆ. ಅಕ್ಕಿ ಕುದಿಯೋ ಥರ ಗುಳುಗುಳು ಸದ್ದು. ನಾಲ್ಕು ದಿನ ನಮ್ಮ ಜೀವ ಆ ಸದ್ದಿನಲ್ಲಿತ್ತು. ಒಮ್ಮೆ ನಿಂತ್ಹೋಯ್ತು, ಮೂಗಿಂದ ನಳಿಗೆ ಜಾರಿತ್ತು, ಸಿಸ್ಟರ್ ಓಡಿ ಬಂದು ಸರಿ ಮಾಡಿದ್ರು. ಆಕ್ಸಿಜನ್ನೂ ಬೇಕಾದಷ್ಟು ಕೊಡೋದಿಲ್ಲ, ರಕ್ತದಲ್ಲಿ ಅದರ ಅಳತೆ ನೂರಕ್ಕೆ 95 ದಾಟಿದ್ರೆ ಕಡಿಮೆ ಮಾಡ್ತಾರೆ, ಜಾಸ್ತಿ ಆದ್ರೆ ಕಣ್ಣಿನ ಹಿಂದಿನ ಪರದೆಗೆ ಪೆಟ್ಟು. 1940-50ರ ದಶಕದಲ್ಲಿ ಆಕ್ಸಿಜನ್ ಧಾರಾಳ ಕೊಟ್ಟು ಸಾವಿರಾರು ಮಕ್ಕಳ ಕಣ್ಣು ಹೋಗಿದ್ದರಿಂದ ಕಲಿತ ಪಾಠ ಅದು.

ಜೊತೆಗೆ ದಿನಾ ಕೆಫೀನ್. ‘ಎಂತದೇ ಮಾರಾಯ್ತಿ, ಇಷ್ಟು ಚಿಕ್ಕ ಶಿಶುಗೆ ಕಾಪಿಯನೇ?’ ಅಂತ ಆಯಿ ಗಾಬರಿಯಾದ್ಲು. ಇಂಥ ಮಕ್ಕಳು ಉಸಿರಾಡೋದನ್ನೇ ಮರೀತಾವೆ. ಮಾನಿಟರ್ ಕೂಗಿದ್ರೆ ಸಿಸ್ಟರ್ ಅಂಗಾಲು ಒಂದು ಸಲ ಉಜ್ಜೋರು, ಕೂಸು ಬೆಚ್ಚಿ ಮತ್ತೆ ಉಸಿರು ಎಳೀತಿತ್ತು. ಕೆಫೀನ್ ಆ ಮರೆವನ್ನ ಕಡಿಮೆ ಮಾಡ್ತದೆ.

ನಂಗೆ ಈಗ್ಲೂ ಸಂಕಟ ಆಗೋ ವಿಷಯ ಒಂದಿದೆ. ಮೊದಲ ಎರಡು ದಿನ ತಂಗೀನ ಒಳಗೇ ಬಿಡ್ಲಿಲ್ಲ. ಕಾಂಗರೂ ಆರೈಕೆ, ಅಂದ್ರೆ ಮಗೂನ ಮೈಗೆ ಮೈ ತಾಗೋ ಹಂಗೆ ಎದೆ ಮೇಲೆ ಇಟ್ಕೊಳ್ಳೋದು, ಅಂತ ಗೋಡೆ ಮೇಲೆ ಪೋಸ್ಟರ್ ಇತ್ತು, ತಾಯಿ ಹೊರಗೆ ಬೆಂಚಿನ ಮೇಲಿದ್ಲು. 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಮಗು ಸುಧಾರಿಸೋವರೆಗೂ ಕಾಯದೆ ಹುಟ್ಟಿದ ಕೂಡ್ಲೇ ಎದೆಗೆ ಹಚ್ಚಿಕೊಂಡ್ರೆ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿದೆ. ಮೂರನೇ ದಿನ ಬಿಟ್ರು. ಕೊಳವೆ ಸಮೇತ ಎದೆ ಮೇಲೆ ಮಲಗಿಸಿದ್ರು. ತಂಗಿಗೆ ಸುಸ್ತಾದಾಗ ಭಾವ ಅಂಗಿ ಗುಂಡಿ ಬಿಚ್ಚಿ ಕೂತ್ರು, ಅಮೆ (ಹೆರಿಗೆ ಸೂತಕ) ಅಂತ ಅಜ್ಜ ಫೋನಲ್ಲಿ ಏನೋ ಹೇಳೋಕೆ ಬಂದಾಗ ಆಯಿನೇ ‘ನೀವು ಸುಮ್ಮನಿರಿ’ ಅಂದ್ಲು.

ಪಕ್ಕದ ಬೆಂಚಲ್ಲಿ ಅಂಕೋಲಾ ಕಡೆಯ ಒಬ್ಬ ಅಣ್ಣ ಇದ್ದ, ದೋಣಿ ಕೆಲಸದವ. ಅವನ ಹೆಂಡತಿಗೆ ಅಲ್ಲೇ ಹೆರಿಗೆ ಆಗಿ, ಆಮೇಲೆ ಮಗೂನ ಮಾತ್ರ ಟವೆಲಲ್ಲಿ ಸುತ್ತಿ ಅರಬೈಲ್ ಘಟ್ಟ ಹತ್ತಿಸಿ ತಂದಿದ್ರು. ಬರೋವಾಗ ಮಗುವಿನ ಮೈ ತಣ್ಣಗಾಗಿತ್ತು. ಇಂಜೆಕ್ಷನ್‌ಗೆ ಹೊತ್ತೇ ಸಿಕ್ಕಿರ್ಲಿಲ್ಲ. ಅದು ವೆಂಟಿಲೇಟರ್ ಮೇಲೆ ಮೂರು ವಾರ ಇತ್ತು, ಕಣ್ಣಿಗೆ ಲೇಸರ್ ಆಯ್ತು, ಕೊನೆಗೂ ಮನೆಗೆ ಹೋಯ್ತು. ಹೊಟ್ಟೆಯೊಳಗೇ ಇದ್ರೆ ಮಗುವಿಗೆ ಅದಕ್ಕಿಂತ ಒಳ್ಳೆ ಆಂಬುಲೆನ್ಸ್ ಇಲ್ಲ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೂಗ್ತಾ ಇದ್ದಾರೆ, ನಾನೂ ಕೂಗ್ತೇನೆ. ಅದು ಆಗೋವರೆಗೆ, ದಿನ ತುಂಬೋ ಮೊದಲೇ ನೋವು ಅಂತ ಹೋದವರನ್ನ ಬೇರೆ ಊರಿಗೆ ಕಳಿಸ್ತಾರೆ ಅಂದ್ರೆ, ಹೊರಡೋ ಮೊದಲು ‘ಮಗುವಿನ ಶ್ವಾಸಕೋಶದ ಇಂಜೆಕ್ಷನ್ ಬೇಕಾ?’ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. 2014ರಿಂದ ಸರ್ಕಾರದ ನಿಯಮದಲ್ಲೇ ಹಳ್ಳಿ ಆರೋಗ್ಯ ಕೇಂದ್ರದ ಎಎನ್‌ಎಂ ಸಿಸ್ಟರ್ ಕೂಡ ಕಳಿಸೋ ಮೊದಲು ಒಂದು ಡೋಸ್ ಕೊಡ್ಬಹುದು ಅಂತ ಇದೆ.

ಮೊನ್ನೆ ಲಸಿಕೆಗೆ ಅಂತ ತಾಯಿ ಕಾರ್ಡ್ ತೆಗೆದಾಗ ಆ ಚೀಟಿ ಕೆಳಗೆ ಬಿತ್ತು. ಆವತ್ತಿನ ಮಳೆಗೆ ಒದ್ದೆಯಾಗಿ ಶಾಯಿ ಹರಡಿದೆ, ಡಾಕ್ಟರಮ್ಮನ ಸಹಿ ಕಾಣೋದಿಲ್ಲ, ಹೊತ್ತು ಮಾತ್ರ ಓದೋಕೆ ಬರ್ತದೆ. ಆಯಿ ಅದನ್ನ ಎತ್ತಿ, ಮಡಿಸಿ, ಮತ್ತೆ ಅಲ್ಲೇ ಇಟ್ಳು.