ಹಿಮೋಗ್ಲೋಬಿನ್ ಸರಿ ಇತ್ತು, ನಾನೇ ಸರಿ ಇರಲಿಲ್ಲ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನಗೊಂದು ಚಟ ಹತ್ತಿತ್ತು. ಅಡುಗೆಮನೆಗೆ ಹೋದಾಗಲೆಲ್ಲ ಬೆಳ್ತಿಗೆ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಒಂದು ಮುಷ್ಟಿ ಹಸಿ ಅಕ್ಕಿ ಬಾಯಿಗೆ. "ಎಂತ ಮಾರಾಯ್ತಿ, ನಿನ್ನ ಮದುವೆಗೆ ಜಡಿಮಳೆಯೇ" ಅಂತ ಅಜ್ಜಿ ಬೈಯುತ್ತಿದ್ದರು. ಸುಮ್ನೆ ಬಾಯಿಚಪಲ ಅಂದುಕೊಂಡೆ.

ಅದೇ ಸಮಯಕ್ಕೆ ಓಟವೂ ಕೆಟ್ಟಿತು. ಕಾಲೇಜಿನ ಪರವಾಗಿ 3000 ಮೀಟರ್ ಓಡುವವಳು ನಾನು. 10 ನಿಮಿಷ 50 ಸೆಕೆಂಡಿಗೆ ಮುಗಿಸುತ್ತಿದ್ದದ್ದು ಹನ್ನೊಂದೂವರೆ ನಿಮಿಷಕ್ಕೂ ಮುಗಿಯಲಿಲ್ಲ. ಕುಂಬಳೆ ಹತ್ತಿರ ನಮ್ಮ ಮನೆಗೆ ಹೋಗುವ ಏರುದಾರಿ, ಚಿಕ್ಕಂದಿನಿಂದ ಹತ್ತಿದ್ದು, ಅದರಲ್ಲೇ ಅರ್ಧಕ್ಕೆ ನಿಂತು ಉಸಿರು ತೆಗೆಯುವ ಹಾಗಾಯಿತು. ತರಬೇತಿ ಕೊಡುವ ಸರ್ "ನಿನಗೆ ಮನಸ್ಸಿಲ್ಲ" ಅಂದು ಎರಡು ಸುತ್ತು ಜಾಸ್ತಿ ಓಡಿಸಿದರು.

ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 12.1. ಹೆಂಗಸರಿಗೆ 12ಕ್ಕಿಂತ ಕೆಳಗೆ ಹೋದರೆ ಮಾತ್ರ ರಕ್ತಹೀನತೆ ಅನ್ನುತ್ತಾರೆ, ಹಾಗಾಗಿ ಅಪ್ಪನಿಗೆ ಸಮಾಧಾನ, ನನಗೆ ಅಳು. ರೋಗವೂ ಇಲ್ಲ ಅಂದ ಮೇಲೆ ಸೋಮಾರಿತನ ಅಂತಲೇ ಆಯಿತಲ್ವಾ?

ಎರಡನೇ ಡಾಕ್ಟರಮ್ಮ ಮೊದಲು ಕೇಳಿದ್ದೇ "ಅಕ್ಕಿ, ಮಣ್ಣು, ಐಸು ಏನಾದ್ರೂ ತಿನ್ನಬೇಕು ಅನ್ನಿಸ್ತದಾ?" ಅಂತ. ಜೊತೆಗೆ ಬಂದಿದ್ದ ಅಜ್ಜಿ ನನ್ನ ಮುಖ ನೋಡಿದರು. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಇಂಥ ಆಸೆ ಹುಟ್ಟುವುದುಂಟಂತೆ.

ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತಿಳಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಬಂದದ್ದು 8. 15ಕ್ಕಿಂತ ಕಡಿಮೆ ಇದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನೇ ಇಲ್ಲ ಅಂತ ಲೆಕ್ಕ. ಓಡುವವರಿಗಾದರೆ 30 ಆದರೂ ಇರಲಿ ಅನ್ನುವ ಡಾಕ್ಟರುಗಳು ತುಂಬಾ ಜನ. ಪತ್ತಾಯ (ಕಣಜ) ಖಾಲಿಯಾದ ದಿನವೂ ಒಲೆ ಮೇಲಿನ ಪಾತ್ರೆಯಲ್ಲಿ ಅನ್ನ ಇರುತ್ತದೆ. ನಾವು ಆ ಪಾತ್ರೆ, ಅಂದರೆ ಹಿಮೋಗ್ಲೋಬಿನ್, ಮಾತ್ರ ನೋಡಿ ಬಂದಿದ್ದೆವು.

ಕಾರಣ ಒಂದೇ ಅಲ್ಲ. ತಿಂಗಳ ಮುಟ್ಟು ಇದ್ದೇ ಇದೆ. ಮುರಕಲ್ಲಿನ ಗಟ್ಟಿ ನೆಲದಲ್ಲಿ ಪಾದ ಬಡಿದು ಬಡಿದು ಕೆಂಪು ರಕ್ತಕಣಗಳು ಒಡೆಯುತ್ತವಂತೆ, ಬೆವರಿನಲ್ಲೂ ಚೂರು ಹೋಗುತ್ತದೆ. ನನಗೆ ಆಶ್ಚರ್ಯ ಆದದ್ದು ಹೆಪ್ಸಿಡಿನ್ ಅನ್ನುವ ಹಾರ್ಮೋನಿನ ವಿಷಯ. ಜೋರು ಓಡಿದ ಮೇಲೆ ಲಿವರ್ ಇದನ್ನು ಬಿಡುತ್ತದೆ, ಇದು ಕರುಳಿನಲ್ಲಿ ಕಬ್ಬಿಣ ಒಳಗೆ ಹೋಗದ ಹಾಗೆ ಬಾಗಿಲು ಹಾಕುತ್ತದೆ, ಓಟ ಮುಗಿದು 3ರಿಂದ 6 ಗಂಟೆಯ ಹೊತ್ತಿಗೆ ಅದರ ಜೋರು ಜಾಸ್ತಿ. ಬೆಳಗ್ಗೆ ಏಳೂವರೆಗೆ ಓಟ ಮುಗಿಸುವ ನನ್ನ ಮಧ್ಯಾಹ್ನದ ಊಟ ಸರಿಯಾಗಿ ಆಗಲೇ! ಸಾಲದ್ದಕ್ಕೆ ಉಂಡ ಕೈ ತೊಳೆದ ಕೂಡಲೇ ಒಂದು ಚಾ. ಚಾ ಕೂಡ ಕಬ್ಬಿಣಕ್ಕೆ ಅಡ್ಡಗಾಲು.

ಒಂದು ತಪ್ಪೊಪ್ಪಿಗೆ: ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ಇತ್ತಲ್ಲ, ಕಬ್ಬಿಣದ್ದು, ನಾನದನ್ನು ಕಿಟಕಿಯಿಂದ ಎಸೆಯುತ್ತಿದ್ದೆ.

ಈಗ ದಿನ ಬಿಟ್ಟು ದಿನ ಮಾತ್ರೆ, ಲಿಂಬೆ ಶರಬತ್ತಿನ ಜೊತೆ. ದಿನಾ ತಗೊಂಡರೆ ಹೆಪ್ಸಿಡಿನ್ ಮತ್ತೆ ಏರುತ್ತದಂತೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಅಮ್ಮ ಬೀಟ್ರೂಟ್ ಜ್ಯೂಸ್ ಶುರು ಮಾಡಿದ್ದರು, ಕೆಂಪಗಿದೆ ಅನ್ನುವುದು ಬಿಟ್ಟರೆ ಅದಕ್ಕೂ ರಕ್ತಕ್ಕೂ ದೊಡ್ಡ ನಂಟಿಲ್ಲ. ಬಸಳೆ, ಹರಿವೆ ಒಳ್ಳೆಯದೇ, ಆದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೀನು ಮಾಂಸ ಬಿಟ್ಟು ಎರಡು ವರ್ಷವಾಗಿತ್ತು, ಮರುವಾಯಿ (ಚಿಪ್ಪುಮೀನು) ಪುಂಡಿಗೆ ಮಾತ್ರ ವಾಪಸ್ ಬಂದೆ. ವ್ರತ ಮುರಿಯಲು ಇದಕ್ಕಿಂತ ಒಳ್ಳೆ ನೆಪ ಸಿಗಲಿಕ್ಕಿಲ್ಲ.

ಟೀಮಿನ ಗೆಳತಿ ನನ್ನದೇ ಮಾತ್ರೆ ಕೇಳಿದಳು, ಕೊಡಲಿಲ್ಲ. ತಲಸ್ಸೇಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ತೊಂದರೆಯ ಅಂಶ ಇದ್ದರೂ ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ, ಅದು ಕಬ್ಬಿಣ ತಿಂದರೆ ಸರಿಯಾಗುವುದಲ್ಲ. ಪರೀಕ್ಷೆ ಮಾಡಿಸು ಅಂದೆ, ಅದೂ ಜ್ವರ ಇದ್ದಾಗ ಬೇಡ, ಆಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮುಖ ಊದಿಸಿಕೊಂಡು ಹೋದಳು.

ಮೂರನೇ ವಾರ ಅಜ್ಜಿಯೇ ಹೇಳಿದ್ದು, ಅಕ್ಕಿ ಡಬ್ಬದ ಮುಚ್ಚಳ ಈಗ ಸರಿಯಾಗಿ ಹಾಕಿರ್ತದೆ ಅಂತ. ಓಟ ಮಾತ್ರ ಮೂರು ತಿಂಗಳು ಸತಾಯಿಸಿತು. ಹೋದ ವಾರ 10 ನಿಮಿಷ 58 ಸೆಕೆಂಡ್. ಫೆರಿಟಿನ್ 27. ಮಾತ್ರೆ ಇನ್ನೂ ಬಿಟ್ಟಿಲ್ಲ.